ತಲಬಾಗಿಲು ಮತ್ತು ಮುನ್ನೂರಾ ಎಪ್ಪತ್ತೆಂಟನೆಯ ಕಲಂ

ಜಮಖಂಡಿ ಡಿಪೋದಲ್ಲಿ ಬಸ್ ಕಂಡಕ್ಟರ್ ಆಗಿದ್ದ ಸುವರ್ಣಾ ಲಾ ಕಾಲೇಜಿಗೆ ಸೇರಿದ್ದಕ್ಕೆ ಕಾರಣ ಒಂದು ಹುಂಜ.

ಬೀಳಗಿಯಿಂದ ಬಂದ ಬಸ್ಸು ಖಾಲಿಯಾದ ಮೇಲೆ ಹಿಂದಿನ ಸೀಟಿನ ಕೆಳಗೆ ಒಂದು ಬುಟ್ಟಿ ಉಳಿದಿತ್ತು. ಬಾಯಿಗೆ ಹಳೇ ಸೀರೆಯ ತುಂಡು ಕಟ್ಟಿತ್ತು. ಬಿಚ್ಚಿ ನೋಡಿದರೆ ಒಳಗೆ ಕೆಂಪು ಜುಟ್ಟಿನ ಹುಂಜ. ಡ್ರೈವರ್ ನಕ್ಕು, "ಇವತ್ತ ನಮ್ಮ ಮನ್ಯಾಗ ಹಬ್ಬ" ಅಂದ. ಸುವರ್ಣಾ ಬುಟ್ಟಿ ಎತ್ತಿಕೊಂಡು ಕಂಟ್ರೋಲರ್ ಟೇಬಲ್ಲಿಗೆ ಹೋದಳು.

"ಸರ, ಇದನ್ನ ಕೊಯ್ದು ತಿಂದ್ರ ಕಳವು ಆಗತೈತೇನ್ರಿ? ನಾವೇನ ಕಸಗೊಂಡಿಲ್ಲ, ಅವರ ಬಿಟ್ಟು ಹೋಗ್ಯಾರ."

"ಬಿಟ್ಟು ಹೋದದ್ದು ಅಂದ ಮ್ಯಾಲ ಎಲ್ಲಿ ಕಳವು?"

"ಮರತು ಬಿಟ್ಟದ್ದು ಬ್ಯಾರೆ, ಬ್ಯಾಡಂತ ಬಿಟ್ಟದ್ದು ಬ್ಯಾರೆ ಅಲ್ರಿ?"

ಕಂಟ್ರೋಲರ್ ಪೆನ್ನು ಕೆಳಗಿಟ್ಟರು. "ಯವ್ವಾ, ಅಷ್ಟೆಲ್ಲಾ ತಿಳೀಬೇಕಂದ್ರ ಲಾ ಓದಬೇಕಾಗತೈತಿ. ಮೊದಲ ಅದರ ಬಾಯಿ ಮುಚ್ಚಸು."

ಮರುದಿನ ಬೆಳಿಗ್ಗೆ ಒಬ್ಬ ಮುದುಕ ಬಂದು ಹುಂಜ ತೆಗೆದುಕೊಂಡು ಹೋದ. ಸುವರ್ಣಾಳ ತಲೆಯಲ್ಲಿ ಪ್ರಶ್ನೆ ಮಾತ್ರ ಉಳಿಯಿತು. ಅವಳು ಅಂಚೆ ಮೂಲಕ ಬಿ.ಎ. ಮುಗಿಸಿದ್ದಳು. ಮೂವತ್ತು ದಾಟಿದ್ದಳು. ಹುನ್ನೂರಿನಲ್ಲಿ ಮನೆ, ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮೇಲೆ ಕೆಲಸ ಮಾಡುವ ಗಂಡ ಬಾಳು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಲಾ ಓದುತ್ತೇನೆ ಅಂದಾಗ ಬಾಳು ಸ್ವಲ್ಪ ಹೊತ್ತು ಯೋಚಿಸಿ, "ಓದು. ಆದ್ರ ನನ್ನ ಮ್ಯಾಲ ಕಲಂ ಹಚ್ಚಬ್ಯಾಡ ನೋಡು" ಅಂದ. ಅಲ್ಲಿಂದ ಬೆಳಿಗ್ಗೆ ಜಮಖಂಡಿಯಲ್ಲಿ ಕ್ಲಾಸು, ಮಧ್ಯಾಹ್ನದ ಮೇಲೆ ಡ್ಯೂಟಿ. ಖಾಕಿ ಸಮವಸ್ತ್ರದಲ್ಲೇ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದಳು.

ಅಪರಾಧ ಕಾನೂನು ಕಲಿಸುತ್ತಿದ್ದವರು ಗಿರಮಲ್ಲಪ್ಪ ಅನ್ನುವ ವಕೀಲರು. ಕೋರ್ಟಿಗೆ ಹೋಗುವ ಮೊದಲು ಬಂದು ಪಾಠ ಮಾಡಿ ಹೋಗುತ್ತಿದ್ದರು. ೨೦೦೭ರಲ್ಲಿ, ದೀಪಾವಳಿ ರಜೆಯ ಮುಂಚೆ, ಅವರು ಒಂದು ಲಿಖಿತ ಅಸೈನ್‌ಮೆಂಟ್ ಕೊಟ್ಟರು.

"ಗೈಡ್ ನೋಡಿ ಬರದ್ರ ಹರದ ಒಗಿತೀನಿ. ನಿಮ್ಮ ಊರಾಗ, ನಿಮಗ ಗೊತ್ತಿದ್ದ ಒಂದ ಕೃತ್ಯ ತಗೋರಿ. ಮುನ್ನೂರಾ ಎಪ್ಪತ್ತೆಂಟನೇ ಕಲಂ ಹಚ್ಚಿ ನೋಡ್ರಿ. ಚರ ಸ್ವತ್ತು ಹೌದೋ ಅಲ್ಲೋ? ಯಾರ ಸ್ವಾಧೀನದಾಗಿತ್ತು? ಸಮ್ಮತಿ ಇತ್ತೋ ಇಲ್ಲೋ? ತಗೊಂಡವನ ಮನಸ್ಸಿನ್ಯಾಗ ಏನಿತ್ತು? ಕಡೀಕ ಹೇಳ್ರಿ, ಅದು ಕಳವು ಆತೋ ಇಲ್ಲೋ."

ಹೆಚ್ಚಿನವರು ಕುರಿ ಕಳವು, ಪಂಪ್‌ಸೆಟ್ ಕಳವು ಅಂತ ಬರೆಯಲು ಕುಳಿತರು. ಸುವರ್ಣಾಗೆ ಹಿಡಿಸಿದ್ದು ಕಲಮಿನ ಕೆಳಗಿನ ಸಣ್ಣ ವಿವರಣೆ. ನೆಲಕ್ಕೆ ಅಂಟಿಕೊಂಡಿರುವ ತನಕ ವಸ್ತು ಚರ ಸ್ವತ್ತಲ್ಲ, ಅದನ್ನು ನೆಲದಿಂದ ಬೇರೆ ಮಾಡಿದ ಕ್ಷಣದಿಂದ ಅದು ಕಳವಿನ ವಸ್ತು ಆಗಬಹುದು ಅಂತ ಅದರಲ್ಲಿತ್ತು. ಗಿಡ ಕಡಿದರೆ? ಗೋಡೆಯ ಕಲ್ಲು ಕಿತ್ತರೆ? ಟಿಕೆಟ್ ಹರಿಯುತ್ತ ಹರಿಯುತ್ತ ಅವಳು ಕಿಟಕಿಯಾಚೆ ಕಂಡದ್ದನ್ನೆಲ್ಲ ಮನಸ್ಸಿನಲ್ಲೇ ಕಿತ್ತು ನೋಡುತ್ತಿದ್ದಳು.

ರಜೆಯಲ್ಲಿ ತವರಿಗೆ ಹೋದಳು. ತವರು ಅಂದರೆ ಬೀಳಗಿ ಕಡೆಯ ಪುನರ್ವಸತಿ ಕೇಂದ್ರ. ಗಲಗಲಿಯಿಂದ ಕೆಳಗೆ, ಹೊಳೆ ದಂಡೆಯ ಮೇಲಿದ್ದ ಅವರ ಹಳೇ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಆರು ವರ್ಷವಾಗಿತ್ತು. ಊರು ಬಿಡುವಾಗ ಜನ ಮನೆಗಳನ್ನು ಬಿಚ್ಚಿ ತೊಲೆ, ಜಂತಿ, ಕಿಟಕಿ ಎಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದರು. ಆಗ ಸುವರ್ಣಾ ಮದುವೆಯಾಗಿ ಹುನ್ನೂರು ಸೇರಿದ್ದಳು. ಆ ಸಾಗಾಟ ಅವಳು ಕಂಡಿರಲಿಲ್ಲ.

ಹೊಸ ಮನೆ ಸಣ್ಣದು. ಸಿಮೆಂಟಿನ ಗೋಡೆ, ತಗಡಿನ ಸೂರು. ಬಾಗಿಲು ಮಾತ್ರ ಆ ಮನೆಗೆ ಹೊಂದುವಂಥದಲ್ಲ. ತೇಗದ ಜೋಡಿ ಕದ, ಚೌಕಟ್ಟಿನ ನೆತ್ತಿಯಲ್ಲಿ ಎದುರುಬದುರು ಕೂತ ಎರಡು ಗಿಳಿ. ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಸುವರ್ಣಾ ಕತ್ತೆತ್ತಿ ಗಿಳಿ ನೋಡಿದಳು. ಎಷ್ಟೋ ಸಲ ನೋಡಿದ್ದೇ. ಅವತ್ತು ನೋಡಿದ್ದು ಬೇರೆ ಥರ.

"ಆಯಿ," ಅಂದಳು. ಆಯಿ ಅಂದರೆ ಅವಳ ಅಪ್ಪನ ತಾಯಿ, ಕರೆವ್ವ. ಅಂಗಳದಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಳು. "ಈ ಕದ ನಮ್ಮ ಹಳೇ ಮನೀದಲ್ಲಲಾ?"

"ನಮ್ಮದೆಲ್ಲಿದು? ಪದ್ಮವ್ವಾರ ಮನಿ ತಲಬಾಗಿಲ."

"ಅವರನ್ನ ಕೇಳಿ ತಂದ್ಯಾ?"

"ಯಾರನ್ನ ಕೇಳಲಿ? ಊರ ಖಾಲಿ ಆಗಿತ್ತು. ನೀರಿಗೆ ಹೋಗೂದಿತ್ತು, ತಂದೆ."

ಸುವರ್ಣಾ ಚಹಾ ಕೆಳಗಿಟ್ಟಳು. ಬೇಕಾದದ್ದು ಸಿಕ್ಕಿತ್ತು. ನೆಲಕ್ಕೆ ಅಂಟಿದ್ದು, ಕಿತ್ತದ್ದು, ಬಿಟ್ಟು ಹೋದದ್ದು, ನೀರಿಗೆ ಹೋಗುವಂಥದ್ದು, ಎಲ್ಲ ಒಂದೇ ಕದದಲ್ಲಿ. ಆಯಿಯ ಹೆಸರು ಬರೆಯುವುದಿಲ್ಲ, 'ಕ' ಅನ್ನುವ ವ್ಯಕ್ತಿ ಅಂತ ಬರೆಯುತ್ತೇನೆ ಅಂದುಕೊಂಡಳು. ಬರೆದರೂ ಆಯಿ ಕಳ್ಳಿಯಾಗುವುದಿಲ್ಲ ಅಂತಲೇ ಅವಳ ಲೆಕ್ಕ. ಹಾಳಾಗುವ ಮಾಲು ಉಳಿಸಿದವಳ ಮನಸ್ಸಿನಲ್ಲಿ ಅಪ್ರಾಮಾಣಿಕತೆ ಎಲ್ಲಿಂದ ಬಂತು?

ಸಂಜೆ ಅಪ್ಪ ಹಣಮಂತ ಎತ್ತಿಗೆ ಮೇವು ಹಾಕುತ್ತಿದ್ದಾಗ ಅವನನ್ನೂ ಕೇಳಿದಳು. ಚೌಕಟ್ಟು ಕಿತ್ತದ್ದು ಹೇಗೆ?

"ಕಬ್ಬಿಣದ ಹಾರಿ ಹಾಕಿ ಮೀಟಿದೆ. ಗ್ವಾಡಿ ಮಣ್ಣಿಂದು, ಸಸಾರ ಬಂತು. ಗಿಳಿಗೆ ಪೆಟ್ಟಾಗಬಾರದಂತ ಅವ್ವ ಮ್ಯಾಲ ಕೌದಿ ಸುತ್ತಿಸಿದ್ಲು."

"ಪದ್ಮವ್ವಾರ ಏನ ಅನ್ನಲಿಲ್ಲಾ?"

"ಏನ ಅಂತಾರ? ಅವ್ವ ಅವರನ್ನ ಕೇಳಿದ್ಲಲ್ಲಾ. 'ಕೇಳೇನಿ, ತಗೋ ಅಂದಾರ' ಅಂದ್ಲು. ಇಲ್ಲಂದ್ರ ನಾ ಹಾರಿ ಹಾಕತಿದ್ನೇನು?"

ಸುವರ್ಣಾ ಎರಡೂ ಮಾತು ಹೋಲಿಸಿ ನೋಡಿದಳು. ಆಯಿ ತನಗೆ ಒಂದು ಹೇಳಿದ್ದಳು, ಮಗನಿಗೆ ಆವತ್ತೇ ಇನ್ನೊಂದು ಹೇಳಿದ್ದಳು. ಅಪ್ಪನ ಮಟ್ಟಿಗೆ ಕಾನೂನಿನಲ್ಲಿ ದಾರಿ ಇತ್ತು. ಸಮ್ಮತಿ ಇದೆ ಅಂತ ನಂಬಿ ಕೆಲಸ ಮಾಡಿದವನು. ಆದರೆ ನೀರಿಗೆ ಹೋಗುವ ಕದ ಉಳಿಸಲು ಮಗನಿಗೆ ಸುಳ್ಳು ಯಾಕೆ ಹೇಳಬೇಕು?

ಹುನ್ನೂರಿಗೆ ಹಿಂದಿರುಗಿ ಬರೆಯಲು ಕೂತರೆ ಎರಡನೇ ಪುಟದಲ್ಲಿ ನಿಂತುಬಿಟ್ಟಿತು. ಸಮ್ಮತಿ ಅನ್ನುವ ಕಡೆ ಏನು ಬರೆಯಬೇಕು? ಕದದ ಒಡತಿಯ ಮನಸ್ಸು ಗೊತ್ತಿಲ್ಲದೆ ಅದನ್ನು ಬರೆಯುವುದು ಹೇಗೆ? ಪದ್ಮವ್ವ ಊರು ಬಿಟ್ಟ ಮೇಲೆ ಮುಧೋಳ ತಾಲೂಕಿನ ರನ್ನ ಬೆಳಗಲಿಯಲ್ಲಿ ಹೊಲ ತೆಗೆದುಕೊಂಡು ಮಗನ ಜೊತೆ ಇದ್ದಾಳೆ ಅಂತ ಸುವರ್ಣಾ ಕೇಳಿದ್ದಳು. ವಾರದ ರಜೆಯ ದಿನ ಬಸ್ಸು ಹತ್ತಿದಳು.

ಪದ್ಮವ್ವ ಹಳೇ ಊರಿನ ಗೌಡಕಿ ಮನೆತನದ ಸೊಸೆ. ಎಪ್ಪತ್ತರ ಹತ್ತಿರದ ವಯಸ್ಸು, ನೆಟ್ಟಗಿನ ನಡಿಗೆ. ಕರೆವ್ವನ ಮೊಮ್ಮಗಳು ಅಂದ ಕೂಡಲೇ ಒಳಗೆ ಕರೆದು ತಿನ್ನಲು ಚೂಡಾ ಇಟ್ಟಳು. ಊರಿನ ಮಾತು ಬಂತು, ಹೊಳೆಯ ಮಾತು ಬಂತು. ಸುವರ್ಣಾ ಮೆಲ್ಲಗೆ ತಲಬಾಗಿಲಿನ ಮಾತು ತೆಗೆದಳು. ಪದ್ಮವ್ವನ ಮುಖ ಬಿಗಿಯಿತು.

"ಅದರ ಹೆಸರ ಎತ್ತಬ್ಯಾಡವಾ. ಆ ಕದ ನಮ್ಮ ಮನಿ ಒಡೀತು."

ಹೇಳಿದ್ದು ಇಷ್ಟು. ಸಾಮಾನು ಸಾಗಿಸಿದ ಮೇಲೆ ತಲಬಾಗಿಲು ಒಂದು ಉಳಿದಿತ್ತು. ಭಾರ ಹೆಚ್ಚು, ಆಮೇಲೆ ಟ್ರ್ಯಾಕ್ಟರ್ ತಂದು ಒಯ್ಯೋಣ ಅಂತ ಬಿಟ್ಟಿದ್ದರು. ಗಂಡನ ತಮ್ಮ ಕಾಮಣ್ಣ ಟ್ರ್ಯಾಕ್ಟರ್ ತೆಗೆದುಕೊಂಡು ಹೋದ. ಬರಿಗೈಯಲ್ಲಿ ಬಂದು, ಕದ ಅಲ್ಲಿಲ್ಲ ಅಂದ. ಗಂಡ ನಂಬಲಿಲ್ಲ. ಜಮಖಂಡಿಯ ಕಟ್ಟಿಗೆ ಅಡ್ಡೆಯಲ್ಲಿ ಮಾರಿ ಬಂದಿದ್ದಾನೆ ಅಂತ ಅಣ್ಣ, ಮಾರಿಲ್ಲ ಅಂತ ತಮ್ಮ. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಯಾದರು. ಗಂಡ ತೀರಿಕೊಂಡು ಮೂರು ವರ್ಷ. ಅಣ್ಣನ ಮಣ್ಣಿಗೆ ಬಂದ ಕಾಮಣ್ಣ ದೂರ ನಿಂತು, ಹಾಗೇ ಹೋಗಿದ್ದ.

"ಒಂದ ಕದದ ಸಲುವಾಗಿ ಒಡಹುಟ್ಟಿದವನ ಕಳಕೊಂಡ್ರು," ಅಂದಳು ಪದ್ಮವ್ವ. "ನೀ ಯಾಕ ಕೇಳಿದಿ?"

"ಕಾಲೇಜಿಂದು ಬರೀಬೇಕಿತ್ರಿ," ಅಂದಳು ಸುವರ್ಣಾ. ಅದು ಸುಳ್ಳಲ್ಲ. ಚೂಡಾದ ತಟ್ಟೆ ಹಾಗೇ ಬಿಟ್ಟು ಎದ್ದಳು.

ಬರುವಾಗ ಬಸ್ಸಿನಲ್ಲಿ ಅವಳಿಗೆ ಭಯವಾಯಿತು. ಇಷ್ಟು ದಿನ ಕೇಳಿದ ಪ್ರಶ್ನೆಗಳಿಂದ ಯಾರಿಗೂ ಏನೂ ಆಗಿರಲಿಲ್ಲ. ಇದು ಹಾಗಲ್ಲ. ಬಾಳುಗೆ ಹೇಳಿದಳು. ಅವನು, "ಹೆಸರ ಬದಲ ಮಾಡಿ ಬರದ ಕೊಟ್ಟ ಬಿಡು, ಮಾರ್ಕು ಬರತಾವು, ಮುಗೀತು" ಅಂದ. ಅವಳು ಬರೆಯಲೂ ಇಲ್ಲ, ಬಿಡಲೂ ಇಲ್ಲ. ಲೈಬ್ರರಿಯಲ್ಲಿ ದಂಡ ಪ್ರಕ್ರಿಯಾ ಸಂಹಿತೆ ತೆಗೆದು ನೋಡಿದಳು. ಅಲ್ಲಿ ಒಂದು ಮಾತು ಸಿಕ್ಕಿತು. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ಮೂರು ವರ್ಷ ಕಳೆದ ಮೇಲೆ ಕೋರ್ಟು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವಂತಿಲ್ಲ. ಸಾದಾ ಕಳವಿಗೆ ಮೂರು ವರ್ಷ. ವಾಸದ ಮನೆಯೊಳಗಿನ ಕಳವಾದರೆ ಏಳು. ಎಲ್ಲರೂ ಬಿಟ್ಟು ಹೋದ ಮನೆ ವಾಸದ ಮನೆಯೇ? ಅಲ್ಲ ಅನ್ನಿಸಿತು. ಅಷ್ಟರಮಟ್ಟಿಗೆ ಧೈರ್ಯ ತಂದುಕೊಂಡು ಮತ್ತೆ ತವರಿಗೆ ಹೋದಳು.

ಕರೆವ್ವನನ್ನು ಒಬ್ಬಳನ್ನೇ ಕೂರಿಸಿಕೊಂಡು ರನ್ನ ಬೆಳಗಲಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು. ಕರೆವ್ವ ಕೇಳುತ್ತ ಕೇಳುತ್ತ ಸೆರಗಿನ ತುದಿ ಸುತ್ತುತ್ತಿದ್ದಳು. ಕಾಮಣ್ಣನ ಹೆಸರು ಬಂದಾಗ ಕೈ ನಿಂತಿತು.

"ಇದು ನನಗ ಗೊತ್ತಿರಲಿಲ್ಲ," ಅಂದಳು.

"ಆಯಿ, ಅಪ್ಪಗ ಕೇಳೇನಿ ಅಂತ ಸುಳ್ಳ ಯಾಕ ಹೇಳಿದಿ?"

"ಇಲ್ಲಂದ್ರ ಅವ ಕೀಳತಿರಲಿಲ್ಲ."

"ನೀರಿಗೆ ಹೋಗತೈತಿ ಅಂತ ತಂದ್ಯಾ?"

ಮುದುಕಿ ಸೆರಗಿನ ತುದಿ ಬಿಟ್ಟಳು. "ಇಲ್ಲಬೇ. ನೀರಿಗೆ ಹೋಗಲಿಲ್ಲಂದ್ರೂ ತರತಿದ್ದೆ. ಆ ಮನ್ಯಾಗ ನಾ ಸಣ್ಣಾಕಿ ಇದ್ದಾಗಿಂದ ಕಾಳ ಬೀಸೇನಿ. ಹಿತ್ತಲ ಬಾಗಲದಿಂದ ಹೋಗಿ ಹಿತ್ತಲ ಬಾಗಲದಿಂದ ಬರತಿದ್ದೆ. ಮುಂದಿನ ಬಾಗಲದಿಂದ ಬರಬ್ಯಾಡ ಅಂತ ಯಾರೂ ಅಂದಿರಲಿಲ್ಲ. ಬಾ ಅಂತನೂ ಅಂದಿರಲಿಲ್ಲ. ಆವತ್ತ ಊರಾಗ ಒಂದ ನಾಯೀನೂ ಇರಲಿಲ್ಲ. ಆ ಕದದ ಮುಂದ ನಿಂತೆ. ನನಗ ಬೇಕನಸ್ತು. ಅಷ್ಟ."

ಸುವರ್ಣಾ ಇಂಥ ಉತ್ತರ ನಿರೀಕ್ಷಿಸಿರಲಿಲ್ಲ. ಆಯಿಯನ್ನು ಪಾರು ಮಾಡಲು ಪ್ರಶ್ನೆ ಕೇಳಿದಷ್ಟೂ ಆಯಿ ಸಿಕ್ಕಿಕೊಳ್ಳುತ್ತಿದ್ದಳು. ಸಮಾಧಾನಕ್ಕೆ ಅಂತ ಹೇಳಿದಳು: "ಅಂಜಬ್ಯಾಡ. ಮೂರು ವರ್ಷ ದಾಟೇತಿ. ಇನ್ನ ಕೋರ್ಟ ಕೇಳಂಗಿಲ್ಲ ಅನಸತೈತಿ."

ಕರೆವ್ವ ಮೊಮ್ಮಗಳ ಮುಖವನ್ನು ವಿಚಿತ್ರವಾಗಿ ನೋಡಿದಳು. "ಕೋರ್ಟಿಗೆ ಮೂರು ವರ್ಷ. ಪದ್ಮವ್ವಾರಿಗೆ?" ಎದ್ದು ಸೆರಗು ಕೊಡವಿದಳು. "ನಡಿ, ಹೋಗೂಣು."

ಮರುದಿನ ಇಬ್ಬರೂ ರನ್ನ ಬೆಳಗಲಿಗೆ ಹೋದರು. ಪದ್ಮವ್ವ ಅಂಗಳದಲ್ಲೇ ಇದ್ದಳು. ಕರೆವ್ವ ಕೂರಲಿಲ್ಲ.

"ನಿಮ್ಮ ತಲಬಾಗಿಲ ನನ್ನ ಮನ್ಯಾಗೈತ್ರಿ. ಕಾಮಣ್ಣ ಮಾರಿಲ್ಲ. ನಾ ಕಿತ್ತಿಸಿದ್ದು."

ಪದ್ಮವ್ವ ಮೊದಲು ಅರ್ಥವಾಗದವಳ ಹಾಗೆ ನಿಂತಳು. ಆಮೇಲೆ ಧ್ವನಿ ಏರಿತು. ಅಕ್ಕಪಕ್ಕದವರು ಗೋಡೆಯ ಮೇಲೆ ಇಣುಕಿದರು. ಬೈಗುಳ ಎಲ್ಲ ಕರೆವ್ವ ತಲೆ ತಗ್ಗಿಸಿ ಕೇಳಿದಳು. ಕೊನೆಗೆ ಪದ್ಮವ್ವ ಸೋತು, "ಒಂದ ಮಾತ ನನ್ನ ಕೇಳಬಾರದಿತ್ತಾ?" ಅಂದಳು.

"ಕೇಳಿದ್ರ ಕೊಡತಿದ್ರೇನ್ರಿ?"

ಪದ್ಮವ್ವ ಯೋಚಿಸಿದಳು. "ಇಲ್ಲ. ಕೊಡತಿರಲಿಲ್ಲ."

ಆಮೇಲೆ ಪದ್ಮವ್ವ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು. "ಬೀಳಗಿಗೆ ಬಸ್ ಎಷ್ಟೊತ್ತಿಗೈತಿ?" ಅಂತ ಸುವರ್ಣಾಳನ್ನು ಕೇಳಿದಳು.

ಕಾಮಣ್ಣ ಬೀಳಗಿಯಲ್ಲಿ ಹಿಟ್ಟಿನ ಗಿರಣಿ ಹಾಕಿಕೊಂಡಿದ್ದ. ಮೂವರೂ ಹೋದಾಗ ಗಿರಣಿ ಓಡುತ್ತಿತ್ತು. ಬಾಗಿಲಲ್ಲಿ ಅಣ್ಣನ ಹೆಂಡತಿಯನ್ನು ಕಂಡು ಅವನು ಸ್ವಿಚ್ಚು ಬಂದ್ ಮಾಡಿದ. ಪಟ್ಟೆ ತಿರುಗಿ ತಿರುಗಿ ನಿಂತಿತು. ಹುಬ್ಬು ಮೀಸೆಯೆಲ್ಲ ಹಿಟ್ಟು ಹತ್ತಿ ಅವನು ಇನ್ನೂ ಮುದುಕನಾಗಿ ಕಾಣುತ್ತಿದ್ದ.

"ಕದ ಕರೆವ್ವನ ಮನ್ಯಾಗೈತಂತ," ಅಂದಳು ಪದ್ಮವ್ವ.

"ಗೊತ್ತೈತಿ ವೈನಿ."

ಸುವರ್ಣಾ ಬೆಚ್ಚಿದಳು. ಪದ್ಮವ್ವ, "ಏನು?" ಅಂದಳು.

"ಮುಳುಗಡಿ ಆದ ಮರುವರ್ಷನ ನೋಡೇನಿ. ಯಾರದೋ ಲಗ್ನಕ್ಕ ಆ ಊರಿಗೆ ಹೋಗಿದ್ದೆ. ಗಿಳಿ ಕಂಡ್ವು."

"ನೋಡಿ ಮತ್ತ ನಿಮ್ಮಣ್ಣಗ ಬಂದ ಹೇಳಬಾರದಿತ್ತಾ?"

ಕಾಮಣ್ಣ ಕೈಯ ಹಿಟ್ಟು ಒರೆಸಿಕೊಂಡ. "ಹೇಳಾಕ ಅರ್ಧ ಹಾದಿ ಬಂದಿದ್ದೆ. ಮುಧೋಳದಾಗ ಇಳದು ತಿರುಗಿ ಬಂದೆ. ನನ್ನ ಮಾತ ನಂಬದವ ಕದ ನೋಡಿ ನಂಬಿದ್ರ ಎಷ್ಟು, ಬಿಟ್ರ ಎಷ್ಟು ಅನಸ್ತು. ತಾನಾಗಿ ಬರಲಿ ಅಂತ ಕುಂತೆ."

ಪದ್ಮವ್ವ ಜೋಳದ ಚೀಲದ ಮೇಲೆ ಕುಸಿದಳು. "ಸಾಯೂಮುಂದ ಕೇಳಿದ್ರು, ಕಾಮಣ್ಣ ಬಂದನೇನು ಅಂತ. ಬರಂಗಿಲ್ಲ ಅಂವ ಅಂದೆ. ನಾನ ಅಂದೆ. ಕರಿ ಕಳಸಲಿಲ್ಲ."

ಕಾಮಣ್ಣ ಗೋಡೆಗೆ ಮುಖ ಮಾಡಿ ನಿಂತ. ಕಾಳು ತಂದ ಹೆಂಗಸರಿಬ್ಬರು ಬಾಗಿಲವರೆಗೆ ಬಂದು, ಒಳಗೆ ಅಳುವ ಸದ್ದು ಕೇಳಿ ಹಿಂದೆ ಸರಿದರು. ಕರೆವ್ವ ಹೋಗಿ ಗಿರಣಿಯ ಮೂಲೆಯ ಕೊಡದಿಂದ ನೀರು ತುಂಬಿ ಪದ್ಮವ್ವನ ಕೈಗೆ ಕೊಟ್ಟಳು. ಪದ್ಮವ್ವ ಕುಡಿದಳು.

ಕದ ನೀನೇ ಇಟ್ಟುಕೋ ಅಂತ ಪದ್ಮವ್ವ ಅನ್ನಲಿಲ್ಲ. ತನಗೆ ಬೇಕು ಅಂದಳು. ಹಣಮಂತ ಮತ್ತೊಮ್ಮೆ ಹಾರೆ ಹಾಕಿ ಚೌಕಟ್ಟು ಕಿತ್ತ. ಈ ಸಲ ಸಿಮೆಂಟು ಬಿಡಲೊಲ್ಲದು, ಅರ್ಧ ದಿನ ಹಿಡಿಯಿತು. ಬೇರೆ ಬಾಗಿಲು ಬರುವ ತನಕ ಕರೆವ್ವನ ಮನೆಗೆ ತಗಡು ಅಡ್ಡವಿಟ್ಟರು. ಕಾಮಣ್ಣ ಟ್ರ್ಯಾಕ್ಟರ್ ತಂದು ಕದ ರನ್ನ ಬೆಳಗಲಿಗೆ ಒಯ್ದ. ಅಲ್ಲಿ ಪದ್ಮವ್ವನ ಮಗ ಕಟ್ಟಿಸಿದ ಮನೆಯ ಬಾಗಿಲು ಸಣ್ಣದು. ಚೌಕಟ್ಟು ಕೊಯ್ದು ಕೂರಿಸೋಣ ಅಂತ ಬಡಿಗ ಅಂದರೆ ಪದ್ಮವ್ವ ಬೇಡ ಅಂದಳು, ಗೋಡೆ ಒಡೆಯೋಣ ಅಂದರೆ ಮಗ ಬೇಡ ಅಂದ. ಕದ ದನದ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿತು. ಅದರ ಅಳತೆ ತೆಗೆಯುವ ನೆಪದಲ್ಲಿ ಕಾಮಣ್ಣ ಎರಡು ಮೂರು ಸಲ ಬಂದ. ಅಳತೆ ಮುಗಿದ ಮೇಲೂ ಬರತೊಡಗಿದ, ಊಟ ಮಾಡಿ ಹೋಗುತ್ತಿದ್ದ.

ಇತ್ತ ಸುವರ್ಣಾ ಅಸೈನ್‌ಮೆಂಟ್ ಹರಿದು ಹೊಸದಾಗಿ ಬರೆದಳು. ಬೇರೆ ಮಾಡಿದ ಕ್ಷಣದಿಂದ ಕದ ಚರ ಸ್ವತ್ತಾಯಿತು. ಸಮ್ಮತಿ ಇರಲಿಲ್ಲ. ಹೊರಗಿನವರಿಗೆ ಹೇಳಿದ ಕಾರಣ ಬೇರೆ, ಒಳಗಿನ ಉದ್ದೇಶ ಬೇರೆ ಅನ್ನುವುದಕ್ಕೆ 'ಕ' ತನ್ನ ಮಗನಿಗೆ ಹೇಳಿದ ಸುಳ್ಳೇ ಸಾಕ್ಷಿ. ಕದ ಸರಿಸಿದಾಗಲೇ ಕಳವು ಪೂರ್ತಿಯಾಯಿತು, ಹಿಂದಿರುಗಿಸಿದ್ದರಿಂದ ಅದು ಅಳಿಯುವುದಿಲ್ಲ. 'ಕ' ತಪ್ಪಿತಸ್ಥೆ. ಕೊನೆಯ ಪುಟದಲ್ಲಿ ಅಣ್ಣತಮ್ಮಂದಿರ ವಿಷಯ ಬರೆದಳು. ಕದ ಒಯ್ದವಳು ಒಬ್ಬಳು, ನೋಡಿಯೂ ಸುಮ್ಮನಿದ್ದವನು ಇನ್ನೊಬ್ಬ, ಕರೆ ಕಳಿಸದವಳು ಮತ್ತೊಬ್ಬಳು, ಇವರಲ್ಲಿ ಕಾನೂನಿಗೆ ಕಾಣುವುದು ಒಬ್ಬಳೇ ಯಾಕೆ ಅಂತ ಕೇಳಿದ್ದಳು.

ಗಿರಮಲ್ಲಪ್ಪ ಸರ್ ಆ ಪುಟಕ್ಕೆ ಅಡ್ಡಗೆರೆ ಎಳೆದು, ವಿಷಯಕ್ಕೆ ಸಂಬಂಧವಿಲ್ಲ ಅಂತ ಬರೆದಿದ್ದರು. ಇಪ್ಪತ್ತಕ್ಕೆ ಹದಿನಾಲ್ಕು. ಕ್ಲಾಸು ಮುಗಿದ ಮೇಲೆ ಅವಳನ್ನು ಕರೆದರು.

"ಏನ್ರಿ ಕಂಡಕ್ಟರ್ ಬಾಯಾರ, ಎಲ್ಲಾ ಛಲೋ ಬರದೀರಿ. ಒಂದ ಪ್ರಶ್ನಿ ಜಿಗಿದೀರಿ. ಮುಳುಗಡಿ ಮನಿಗೆ ಸರಕಾರ ಪರಿಹಾರ ಕೊಟ್ಟು ಸ್ವಾಧೀನ ಮಾಡಿಕೊಂಡಿತ್ತೋ ಇಲ್ಲೋ? ಹಂಗಾದ್ರ ಆ ದಿನ ಕದ ಯಾರ ಸ್ವಾಧೀನದಾಗಿತ್ತು? ಆ ಹೆಣ್ಣುಮಗಳದೋ, ಸರಕಾರದ್ದೋ?"

"ಕದ ಬಿಚ್ಚಿಕೊಂಡ ಹೋಗಾಕ ಬಿಟ್ಟಿದ್ರಲ್ರಿ ಸರ."

"ಬಿಟ್ಟಿದ್ದು ಬರವಣಿಗ್ಯಾಗ ಇತ್ತೋ, ಬಾಯಿ ಮಾತಿನ್ಯಾಗೋ? ಹುಡಕ್ರಿ."

ಅವರಿಗೆ ಕೋರ್ಟಿಗೆ ಹೊತ್ತಾಗಿತ್ತು, ಹೋದರು. ಸುವರ್ಣಾ ಹುಡುಕಿದಳು. ಆ ಹುಡುಕಾಟ ಪರೀಕ್ಷೆ ಮುಗಿದರೂ ಮುಗಿಯಲಿಲ್ಲ. ಲಾ ಪಾಸು ಮಾಡಿದ ಮೇಲೆ ಕರಿಕೋಟು ಹಾಕಲಿಲ್ಲ, ಸಂಬಳದ ಕೆಲಸ ಬಿಡುವ ಹಾಗಿರಲಿಲ್ಲ. ಕೆಲ ವರ್ಷಕ್ಕೆ ಬಾಗಲಕೋಟೆಯ ಸಾರಿಗೆ ಕಚೇರಿಯ ಕಾನೂನು ವಿಭಾಗಕ್ಕೆ ಹೋದಳು. ಅಪಘಾತದ ಕೇಸುಗಳ ಕಾಗದ ನೋಡುವ ಕೆಲಸ. ಅಲ್ಲಿ ವಕೀಲರು ಅವಳ ಪ್ರಶ್ನೆಗಳಿಗೆ ಸ್ವಲ್ಪ ಅಂಜುತ್ತಾರೆ ಅಂತ ಕೇಳಿದ್ದೇನೆ.

ಮಾರ್ಕು ಬಂದ ವಾರ ಅವಳು ತವರಿಗೆ ಹೋಗಿದ್ದಳು. ಕರೆವ್ವನಿಗೆ ತನ್ನ ಮೇಲೆ ಮೊಮ್ಮಗಳು ಏನು ಬರೆದಳು ಅನ್ನುವುದೇ ಕುತೂಹಲ.

"ನನಗ ಎಷ್ಟ ಹಾಕಿದ್ರು?"

"ಇಪ್ಪತ್ತಕ್ಕ ಹದಿನಾಲ್ಕು. ನೀ ಕಳ್ಳಿ ಅಂತ ಬರದೇನಿ ಆಯಿ."

"ಬರಿ, ಖರೆ ಐತಲ್ಲಾ. ಉಳದ ಆರು ಎಲ್ಲಿ ಹೋದ್ವು?"

ಸುವರ್ಣಾ ಸರ್ ಕೇಳಿದ ಪ್ರಶ್ನೆಯನ್ನು ಬಿಡಿಸಿ ಹೇಳಿದಳು. ಪರಿಹಾರ ಕೊಟ್ಟ ದಿನ, ಊರು ಬಿಟ್ಟ ದಿನ, ನೀರು ಬಂದ ದಿನ, ಎಲ್ಲ. ಕರೆವ್ವ ತಲೆಯಾಡಿಸುತ್ತ ಕೇಳಿದಳು. ಆಮೇಲೆ ಮೆಣಸಿನಕಾಯಿ ಮೊರ ಪಕ್ಕಕ್ಕೆ ಸರಿಸಿ ಮೊಮ್ಮಗಳ ಹತ್ತಿರ ಜರುಗಿದಳು.

"ಹಂಗಾದ್ರ ಪದ್ಮವ್ವಾರಿಗೆ ಅದನ್ನ ತಿರುಗಿ ಕೊಟ್ಟದ್ದು ಬರೋಬರಿ ಆತೋ ಇಲ್ಲೋ? ಇಲ್ಲಾ ಸರಕಾರಕ್ಕ ಕೊಡಬೇಕಿತ್ತೋ? ಕೊಡಬೇಕಂದ್ರ ಸರಕಾರ ಎಲ್ಲಿ ಇರತೈತಿ, ಬೀಳಗ್ಯಾಗೋ, ಬಾಗಲಕೋಟ್ಯಾಗೋ?"

ಸುವರ್ಣಾ ಚೀಲದಿಂದ ಪುಸ್ತಕ ತೆಗೆದಳು. ಕರೆವ್ವ, ತಾನು ಓದಲು ಬಾರದವಳು, ಅದರ ಪುಟಗಳ ಮೇಲೆ ಬಗ್ಗಿದಳು.